ದುಭಾಷಿಯ ಬಾಕಿ

ಸಬ್ನೀಸರ ಕಚೇರಿಗೆ
ಬಸರೂರಿನ ಮಾಬ್ಳ ಪೈ ಮಾಡುವ ವಿಜ್ಞಾಪನೆ:
ಮೂರು ತಿಂಗಳ ಸಂಬಳ ಬರತಕ್ಕದ್ದು, ಒಂಬತ್ತು ವರಹ.
ಏನು ಕೆಲಸ ಮಾಡಿದೆ ಎಂದು ಕೇಳಿ ಕಳಿಸಿದ್ದೀರಿ.
ಬಿದನೂರಿಗೆ ಬಂದ ಫ್ರೆಂಚರ ವಕೀಲನ ಮಾತನ್ನು
ಕನ್ನಡಕ್ಕೆ ತಿರುಗಿಸಿದೆ,
ಕನ್ನಡದ್ದನ್ನು ಅವನ ಕಡೆಗೆ.

ಗ್ರಾಂವಾಲ್ ಅಂತ ಅವನ ಹೆಸರು.
ಕಾವಲಿನವರು ಗರುವಾಳಪ್ಪ ಎಂದರು;
ಅದಕ್ಕೂ ಟೋಪಿ ತೆಗೆದ.
ಅರುವತ್ತು ದಾಟಿದ ಮಂಡಿ,
ಆರು ದೊರೆಗಳ ಮುಂದೆ ಬಗ್ಗಿ ಬಗ್ಗಿ ಸವೆದದ್ದು.
'ಬೆನ್ನಿಗೆ ಅಭ್ಯಾಸವಾಗಿದೆ,
ತಲೆಗೆ ಇನ್ನೂ ಸುದ್ದಿ ಮುಟ್ಟಿಲ್ಲ' ಎನ್ನುತ್ತಿದ್ದ.

ಮೊದಲ ದಿನವೇ ಗುರಿಕಾರ ಚನ್ನವೀರಯ್ಯನವರು ಕೇಳಿದರು:
ನಿಮ್ಮ ದೊರೆ ನಮಗೆ ಸ್ನೇಹಿತನೋ ಹೇಗೆ?
ಅವನೆಂದ: 'ದೊರೆಗಳಿಗೆ ಸ್ನೇಹಿತರಿರುವುದಿಲ್ಲ,
ಒಂದೇ ದಾರಿಗೆ ಸಿಕ್ಕವರಿರುತ್ತಾರೆ.'
ನಾನೆಂದೆ: 'ಆಚಂದ್ರಾರ್ಕ ಸ್ನೇಹವಂತೆ, ಸ್ವಾಮಿ.'
ಗುರಿಕಾರರು ಮೆಚ್ಚಿ ವೀಳ್ಯ ಕೊಟ್ಟರು.
ಅವನು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ,
ಯಾವ ಬದಿಗೆ ರುಜು ಹಾಕುವುದೆಂಬಂತೆ.

ಕಾಣಿಕೆಗೆಂದು ತಂದ ಗಡಿಯಾರ
ಘಾಟಿ ಹತ್ತುವಾಗಲೇ ನಿಂತಿತ್ತು.
'ಇರಲಿ ಬಿಡು, ಅರಮನೆಯಲ್ಲಿ ಯಾರೂ ಹೊತ್ತು ನೋಡುವುದಿಲ್ಲ,
ಗಡಿಯಾರ ನೋಡುತ್ತಾರೆ.'
ನಾನು ಸಭೆಗೆ ಹೇಳಿದ್ದು:
ಈ ಗಳಿಗೆ ಶುಭವೆಂದು ತಾನಾಗಿ ನಿಂತಿದೆ.

ಆಮೇಲೆ ನಲವತ್ತು ದಿನ ಕಾಯಿಸಿದರು.
ದೇವಗಂಗೆಯ ಮೆಟ್ಟಿಲ ಮೇಲೆ ಕೂತು
ನೀರಿಗೆ ಮಂಡಿ ಇಳಿಬಿಟ್ಟು ಅವನು ಪಾಠ ಹೇಳಿದ.
'ಹೌದು ಎನ್ನಬೇಡ, ಸಾಲವಾಗುತ್ತದೆ.
ಇಲ್ಲ ಎನ್ನಬೇಡ, ಹಗೆಯಾಗುತ್ತದೆ.
ಊಟವಾಯಿತೇ ಎಂದು ಕೇಳು.'
ನಕ್ಕುಬಿಟ್ಟೆ.
ಗಂಗೊಳ್ಳಿಯಲ್ಲಿ ಮೀನು ಮಾರುವವರು
ಇಷ್ಟನ್ನು ತಾಯಿ ಹೊಟ್ಟೆಯಲ್ಲೇ ಕಲಿತಿರುತ್ತಾರೆ.
ಉಂಬಳ ಹತ್ತಿ ಕಾಲುಚೀಲ ಕೆಂಪಾದರೂ ಸಿಟ್ಟಾಗಲಿಲ್ಲ:
'ಹೊಟ್ಟೆ ತುಂಬಿದ ಮೇಲೆ ಬಿಡುತ್ತದೆ,
ನಮ್ಮ ಕುಂಪಣಿಗಿಂತ ಮರ್ಯಾದಸ್ಥ.'
ಇದೊಂದನ್ನು ನಾನು ಯಾರಿಗೂ ತಿರುಗಿಸಿ ಹೇಳಲಿಲ್ಲ.

ಕೊನೆಗೆ ಕರಾರು.
ಅವರಿಂದ ಎಂಟು ಫಿರಂಗಿ, ನಮ್ಮಿಂದ ಮುನ್ನೂರು ಖಂಡಿ ಮೆಣಸು.
ಫಿರಂಗಿ ಬರುವುದಿಲ್ಲವೆಂದು ಗುರಿಕಾರರಿಗೆ ಗೊತ್ತು,
ಮೆಣಸು ಹೊರಡುವುದಿಲ್ಲವೆಂದು ಅವನಿಗೆ.
ಇಬ್ಬರೂ ಸಂತೋಷದಿಂದ ಮೊಹರು ಒತ್ತಿದರು.
ಅರಗು ಮಾತ್ರ ನಿಜವಾಗಿ ಕರಗಿತು.

ಆ ರಾತ್ರಿ ಬಿಟ್ಟುಬಂದ ಕಂಬಳಿಗೆಂದು ವಾಪಸು ಹೋದೆ.
ಚಾವಡಿಯಲ್ಲಿ ಅವರಿಬ್ಬರೇ,
ನಡುವೆ ಪಗಡೆ ಹಾಸು, ಒಂದು ದೀಪ.
ಗುರಿಕಾರರ ಬಾಯಲ್ಲಿ ಪೋರ್ಚುಗೀಸು!
ಅವನ ಬಾಯಲ್ಲಿ ಕನ್ನಡ!
'ಆಚಂದ್ರಾರ್ಕವಂತೆ' ಎಂದು ಇವರು,
'ತಾನಾಗಿ ನಿಂತಿದೆಯಂತೆ' ಎಂದು ಅವನು,
ತೊಡೆ ತಟ್ಟಿಕೊಂಡು ನಗುತ್ತಿದ್ದರು.
ಕಂಬಳಿ ಅಲ್ಲೇ ಬಿಟ್ಟು ಬಂದೆ.

ಹೊಸಂಗಡಿ ಘಾಟಿಯ ತಲೆಯಲ್ಲಿ, ಅವನು ಇಳಿಯುವ ಮುನ್ನ,
ಕೇಳಿಯೇ ಕೇಳಿದೆ:
ಹಾಗಾದರೆ ನಾನು ಯಾಕೆ ಬೇಕಾಗಿತ್ತು?
ಡೋಲಿಯಿಂದ ತಲೆ ಹೊರಗೆ ಹಾಕಿದ. ಕನ್ನಡದಲ್ಲೇ ಹೇಳಿದ.
ಅವನ ನಾಲಿಗೆಗೆ ಳಕಾರ ಹತ್ತುತ್ತಿರಲಿಲ್ಲ;
ಸುಳ್ಳು ಎನ್ನುವುದು ಸುಲ್ಲು ಆಗಿ
ಅರ್ಧ ಭಾರ ಇಳಿದುಹೋಗಿತ್ತು.
'ನೀನು ತಿರುಗಿಸುವಷ್ಟು ಹೊತ್ತು
ನಮಗೆ ಯೋಚನೆಗೆ ಸಿಗುತ್ತದೆ.
ನಾಳೆ ಯಾರ ಸುಲ್ಲು ಬಯಲಾದರೂ
ದುಭಾಷಿಯದು ತಪ್ಪು ಎನ್ನಬಹುದು.
ಇಬ್ಬರು ದೊಡ್ಡವರ ನಡುವೆ
ಒಬ್ಬ ತಪ್ಪು ಮಾಡುವವನು ಬೇಕಪ್ಪಾ, ಮಾಬ್ಲಾ.'
ಬೋವಿಗಳು ಡೋಲಿ ಎತ್ತಿದರು.
ತಿರುವಿನವರೆಗೂ ಅವನ ಕೈ ಹೊರಗೆ ಆಡುತ್ತಿತ್ತು,
ಬೀಳ್ಕೊಡುಗೆಯೋ, ನೊಣ ಓಡಿಸಿದ್ದೋ.

ಈಗ ಕಚೇರಿಯಿಂದ ಓಲೆ ಬಂದಿದೆ:
ಫಿರಂಗಿ ಬಾರದ್ದಕ್ಕೆ ತರ್ಜುಮೆಯ ದೋಷವೇ ಕಾರಣ,
ಆದ್ದರಿಂದ ಸಂಬಳವಿಲ್ಲ.
ಸ್ವಾಮಿ, ನಾನು ಒಪ್ಪುತ್ತೇನೆ.
ತಪ್ಪೇ ನನ್ನ ಉದ್ಯೋಗವಾಗಿತ್ತು,
ಅದನ್ನು ಒಂದು ದಿನವೂ ತಪ್ಪಿಸದೆ ಮಾಡಿದ್ದೇನೆ.
ಒಂಬತ್ತು ವರಹ, ಮತ್ತೆ ಆ ಕಂಬಳಿ,
ಲೆಕ್ಕ ನೋಡಿ ಕೊಡಿಸಬೇಕು.

ಉಳಿದಂತೆ,
ತಮಗೆ ಊಟವಾಯಿತೇ?